ಉಗಾಂಡ 2021: ಸರ್ಕಾರ ಸಾಕಿದ ಖಾತೆಗಳನ್ನು ಗುರುತಿಸುವುದು ಹೇಗೆ, ನೆಟ್ ಬಂದ್ ಮಾಡಿದ್ದಕ್ಕೆ ಸಾಕ್ಷಿ ಎಲ್ಲಿ ಸಿಗುತ್ತದೆ?

ಶರಾವತಿ_ಓದು (ಪ್ರಶ್ನೆ):

ಪೂರ್ವ ಆಫ್ರಿಕದ ಚುನಾವಣೆ ಮತ್ತು ಸಾಮಾಜಿಕ ಜಾಲತಾಣಗಳ ಬಗ್ಗೆ ಕನ್ನಡದಲ್ಲಿ ಒಂದು ದೊಡ್ಡ ಲೇಖನ ತಯಾರಾಗುತ್ತಿದೆ. ಅದರ ನಡುಭಾಗ ಉಗಾಂಡದ 2021ರ ಜನವರಿ. ದಿನಗಳ ಲೆಕ್ಕ ಗೊತ್ತಿದೆ. ಮತದಾನ ಇದ್ದದ್ದು 14ಕ್ಕೆ. 11ರಂದು ಫೇಸ್‌ಬುಕ್ ಸರ್ಕಾರದ ಪರ ಕೆಲಸ ಮಾಡುತ್ತಿದ್ದ ಖಾತೆಗಳನ್ನು ತೆಗೆದಿದ್ದಾಗಿ ಹೇಳಿತು. 12ರಂದು ಸಾಮಾಜಿಕ ಜಾಲತಾಣಗಳನ್ನು ಮುಚ್ಚಲು ಆದೇಶ ಹೊರಟಿತು, ಅಂದು ರಾತ್ರಿ ಅಧ್ಯಕ್ಷ ಮುಸೆವೆನಿ ಟಿವಿಯಲ್ಲಿ ಬಂದು ಅದನ್ನು ಸಮರ್ಥಿಸಿಕೊಂಡರು. 13ರ ಸಂಜೆ ಇಡೀ ಇಂಟರ್ನೆಟ್ ನಿಂತಿತು, ಮತ್ತೆ ಬಂದದ್ದು 18ಕ್ಕೆ. ಉಳಿದ ತಾಣಗಳು ಫೆಬ್ರವರಿಯಲ್ಲಿ ತೆರೆದವು. ಫೇಸ್‌ಬುಕ್ ಮಾತ್ರ ವರ್ಷಗಟ್ಟಲೆ ಮುಚ್ಚಿಯೇ ಇತ್ತು.

ಸಿಕ್ಕಿಹಾಕಿಕೊಂಡಿರುವುದು ಬೇರೆ ಕಡೆ. ಸರ್ಕಾರದ ಪರ ಕಾಮೆಂಟ್ ಹಾಕುವವರನ್ನೆಲ್ಲ ‘ಬಾಟ್’ ಎಂದು ಬರೆಯಬಹುದಾ? ನಿಜವಾದ ಅಭಿಮಾನಿಗೂ ಸಂಬಳದ ಕೈಗೂ ಇರುವ ವ್ಯತ್ಯಾಸ ಬೆಂಗಳೂರಿನಲ್ಲಿ ಕುಳಿತು ನೋಡುವವರಿಗೆ ಗೊತ್ತಾಗುತ್ತದಾ? ಫೇಸ್‌ಬುಕ್ ಪೋಸ್ಟ್‌ಗಳ ಜಾಡು ಹಿಡಿಯಲು ಬಳಸುತ್ತಿದ್ದ ಕ್ರೌಡ್‌ಟ್ಯಾಂಗಲ್ 2024ರ ಆಗಸ್ಟ್‌ನಲ್ಲಿ ನಿಂತುಹೋಯಿತು, ಟ್ವಿಟರ್‌ನ ಉಚಿತ ಎಪಿಐ (ಪ್ರೋಗ್ರಾಂ ಮೂಲಕ ದತ್ತಾಂಶ ಪಡೆಯುವ ದಾರಿ) ಅದಕ್ಕೂ ಮೊದಲೇ ಹೋಗಿದೆ. ಇನ್ನು ಉಳಿದಿರುವ ದಾರಿ ಯಾವುದು? ಕೊನೆಯದಾಗಿ, ನೆಟ್ ನಿಲ್ಲಿಸುವುದೇ ಇಂಥ ಸರ್ಕಾರಗಳ ಮುಖ್ಯ ಅಸ್ತ್ರ ಅನ್ನುವುದು ಸರಿಯಾ?

ಲೆಕ್ಕದ_ಪುಸ್ತಕ:

‘ಬಾಟ್’ ಅನ್ನುವ ಪದವನ್ನು ಮೊದಲು ತೆಗೆದುಹಾಕಿ. ಬಾಟ್ ಅಂದರೆ ತಾನಾಗಿಯೇ ಓಡುವ ಪ್ರೋಗ್ರಾಂ. ಉಗಾಂಡದಲ್ಲಿ ಸಿಕ್ಕಿಬಿದ್ದದ್ದು ಮನುಷ್ಯರೇ ಕೂತು ನಡೆಸುತ್ತಿದ್ದ ನಕಲಿ ಖಾತೆಗಳು, ಒಬ್ಬರೇ ಇಟ್ಟುಕೊಂಡ ಎರಡು ಮೂರು ಖಾತೆಗಳು. ಫೇಸ್‌ಬುಕ್ ಅವುಗಳ ಬೇರು ಅಲ್ಲಿನ ಮಾಹಿತಿ ತಂತ್ರಜ್ಞಾನ ಸಚಿವಾಲಯದ ಕೆಳಗಿರುವ ನಾಗರಿಕ ಸಂಪರ್ಕ ಕೇಂದ್ರದಲ್ಲಿದೆ ಎಂದು ಹೇಳಿತು. ತೆಗೆದದ್ದು 220 ಖಾತೆ, 32 ಪುಟ, 59 ಗುಂಪು, 139 ಇನ್‌ಸ್ಟಾಗ್ರಾಂ ಖಾತೆ. ಅದೇ ವರ್ಷ ಡಿಸೆಂಬರ್‌ನಲ್ಲಿ ಟ್ವಿಟರ್ ಕೂಡ ಮುಸೆವೆನಿ ಪರವಾದ 418 ಖಾತೆ ತೆಗೆಯಿತು.

ಈ ಅಂಕಿಗಳನ್ನು ಬೇರೆ ದೇಶದ ಪಕ್ಕದಲ್ಲಿಟ್ಟು ನೋಡಿದರೆ ಕೆಲಸದ ರೀತಿಯೇ ಬೇರೆ ಎಂದು ಕಾಣುತ್ತದೆ. ಹೊಂಡುರಾಸ್‌ನಲ್ಲಿ 2019ರ ಜುಲೈನಲ್ಲಿ ತೆಗೆದದ್ದು 181 ಖಾತೆ, 1,488 ಪುಟ. ಅಜರ್‌ಬೈಜಾನ್‌ನಲ್ಲಿ 2020ರ ಅಕ್ಟೋಬರ್‌ನಲ್ಲಿ 589 ಖಾತೆ, 7,665 ಪುಟ, ಅಂದರೆ ಖಾತೆಯ 13 ಪಟ್ಟು ಪುಟಗಳು. ಕಾರಣ ಇಷ್ಟೇ: ಫೇಸ್‌ಬುಕ್‌ನಲ್ಲಿ ಒಬ್ಬರಿಗೆ ಒಂದೇ ಖಾತೆ ಎಂಬ ನಿಯಮವಿದೆ, ಪುಟಗಳಿಗೆ ಆ ಕಟ್ಟು ಇರಲಿಲ್ಲ. ಒಂದು ಅಸಲಿ ಖಾತೆಯಿಂದ ನೂರಾರು ಪುಟ ತೆರೆದು, ಅವಕ್ಕೆ ಮನುಷ್ಯರ ಹೆಸರು, ಮುಖದ ಫೋಟೋ ಹಾಕಿ, ಪುಟದ ಹೆಸರಿನಲ್ಲೇ ಲೈಕ್ ಒತ್ತುವುದು, ಕಾಮೆಂಟ್ ಬರೆಯುವುದು. ಕಂಪನಿಯೊಳಗೆ ಇದನ್ನು ಕಂಡುಹಿಡಿದವರು ಸೋಫಿ ಜಾಂಗ್ ಎಂಬ ದತ್ತಾಂಶ ತಜ್ಞೆ. ಹೊಂಡುರಾಸ್ ಜಾಲವನ್ನು ಅವರು 2018ರಲ್ಲೇ ತೋರಿಸಿಕೊಟ್ಟರೂ ಕಂಪನಿ ಕ್ರಮ ಕೈಗೊಳ್ಳಲು ಹೆಚ್ಚುಕಡಿಮೆ ಒಂದು ವರ್ಷ ತೆಗೆದುಕೊಂಡಿತು. ಸಣ್ಣ ದೇಶದ ದೂರು ಕಂಪನಿಯ ಸಾಲಿನಲ್ಲಿ ಎಷ್ಟು ಹಿಂದೆ ನಿಲ್ಲುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಕಿಲ್ಲ. ಲೇಖನದಲ್ಲಿ ಇದು ಇರಲೇಬೇಕು.

ಕೈಯಿಂದ ಪರೀಕ್ಷಿಸುವುದು ಸಾಧ್ಯ, ತಾಳ್ಮೆ ಬೇಕು. ಒಂದೇ ವಾರದಲ್ಲಿ ವಿರೋಧ ಪಕ್ಷದ ನಾಯಕರ 10 ಪೋಸ್ಟ್, ಆಳುವ ಪಕ್ಷದ 10 ಪೋಸ್ಟ್ ಆರಿಸಿಕೊಳ್ಳಿ. ಫೇಸ್‌ಬುಕ್ ತಾನಾಗಿ ತೋರಿಸುವುದು ‘ಹೆಚ್ಚು ಸೂಕ್ತ’ ಕಾಮೆಂಟ್‌ಗಳನ್ನು. ಅದನ್ನು ಬದಲಾಯಿಸಿ ‘ಎಲ್ಲ ಕಾಮೆಂಟ್’ ಇಟ್ಟುಕೊಳ್ಳದಿದ್ದರೆ ಮೊದಲ ಹೆಜ್ಜೆಯೇ ತಪ್ಪುತ್ತದೆ. ಪ್ರತಿ ಪೋಸ್ಟಿನಿಂದ ಕಾಲಕ್ರಮದಲ್ಲಿ ಮೊದಲ 30 ಕಾಮೆಂಟ್‌ಗಳನ್ನು ಸ್ಪ್ರೆಡ್‌ಶೀಟಿಗೆ ಇಳಿಸಿ, ಒಟ್ಟು 600 ಸಾಲು ಆಗುತ್ತದೆ. ಪ್ರತಿ ಸಾಲಿನಲ್ಲಿ ಕಾಮೆಂಟಿನ ಮೂಲ ಮಾತು, ನಿಮಿಷದವರೆಗಿನ ಸಮಯ, ಬರೆದದ್ದು ಖಾತೆಯೋ ಪುಟವೋ, ಅದರ ಮೊದಲ ಪೋಸ್ಟಿನ ದಿನಾಂಕ, ಕೊಂಡಿ. ಅನುವಾದದ ಗುಂಡಿ ಒತ್ತಿ ಹೋಲಿಸಬೇಡಿ. ಅಲ್ಲಿನ ಲುಗಾಂಡ ಭಾಷೆಯ ಎರಡು ಬೇರೆ ವಾಕ್ಯಗಳು ಯಂತ್ರಾನುವಾದದಲ್ಲಿ ಒಂದೇ ಆಗಿ ಕಾಣಬಹುದು. ಸಮಯದ ವಿಷಯದಲ್ಲಿ ಎಚ್ಚರ: ನಿಮ್ಮ ಪರದೆ ತೋರಿಸುವುದು ಭಾರತದ ಗಂಟೆ. ಉಗಾಂಡದ ರಾಜಧಾನಿ ಕಂಪಾಲಾ ನಮಗಿಂತ ಎರಡೂವರೆ ಗಂಟೆ ಹಿಂದೆ. ನಿಮಗೆ 11:30 ಅಂದರೆ ಅಲ್ಲಿ ಬೆಳಗಿನ 9 ಗಂಟೆ.

ಆಮೇಲೆ ನೋಡಬೇಕಾದದ್ದು ಲಯ. ರಾಜಕೀಯದ ಹುಚ್ಚಿರುವ ಸಾಮಾನ್ಯ ಜನ ರಾತ್ರಿ, ಭಾನುವಾರ ಹೆಚ್ಚು ಬರೆಯುತ್ತಾರೆ. ಸೋಮವಾರದಿಂದ ಶುಕ್ರವಾರ ಗಂಟೆ ಹೊಡೆದಂತೆ ಶುರುವಾಗಿ, ಊಟದ ಹೊತ್ತಿಗೆ ಇಳಿದು, ಸಂಜೆಗೆ ನಿಂತುಹೋದರೆ ಅದು ಉದ್ಯೋಗದ ಲಯ. ಒಂದೇ ಖಾತೆಗಳ ಗುಂಪು 10 ಪೋಸ್ಟಿನಲ್ಲೂ ಮೊದಲ ಐದು ನಿಮಿಷದಲ್ಲೇ ಬರುವುದು ಇನ್ನೊಂದು ಗುರುತು.

ತಪ್ಪಾಗುವ ಜಾಗ ಯಾವುದೆಂದರೆ ಒಂದೇ ಮಾತಿನ ಕಾಮೆಂಟ್. ಪಕ್ಷದ ವಾಟ್ಸ್ಆ್ಯಪ್ ಗುಂಪಿನಲ್ಲಿ ಬಂದದ್ದನ್ನು ನಿಜವಾದ ಕಾರ್ಯಕರ್ತರೂ ಹಾಗೇ ಅಂಟಿಸುತ್ತಾರೆ. ಅದು ಪ್ರಚಾರ, ನಕಲಿಯಲ್ಲ. ಹೊಸ ಖಾತೆ ಅನ್ನುವುದೂ ಒಂದೇ ಸಾಕಾಗದು. ಫೋನ್ ಕಳೆದರೆ ಪಾಸ್‌ವರ್ಡ್ ಮರೆತು ಹೊಸ ಖಾತೆ ತೆರೆಯುವುದು ಎಲ್ಲ ಕಡೆ ಇರುವ ಅಭ್ಯಾಸ. ಕನಿಷ್ಠ ಮೂರು ಗುರುತು ಒಂದೇ ಖಾತೆಯ ಮೇಲೆ ಬಿದ್ದರೆ ಮಾತ್ರ ‘ಸಂಘಟಿತ’ ಎಂದು ಬರೆಯಿರಿ. ‘ಸರ್ಕಾರದ್ದು’ ಎಂದು ಬರೆಯಬೇಡಿ. ಲಾಗಿನ್ ಆದ ಜಾಗ, ಸಾಧನ, ಜಾಹೀರಾತಿಗೆ ಹಣ ಕೊಟ್ಟ ಕಾರ್ಡು ಇವೆಲ್ಲ ಕಾಣುವುದು ಕಂಪನಿಗೆ ಮಾತ್ರ. ಹೊರಗಿನವರು ಒಟ್ಟಾಗಿ ಕೆಲಸ ಮಾಡುತ್ತಿರುವುದನ್ನು ತೋರಿಸಬಹುದು, ಸಂಬಳ ಯಾರು ಕೊಡುತ್ತಾರೆ ಎಂಬುದನ್ನಲ್ಲ.

ಮುಂಗಾರು_ಕಡತ:

ಮೇಲಿನದ್ದು ಗದ್ದಲ ಎಬ್ಬಿಸುವ ವಿಧಾನ. ಬಾಯಿ ಮುಚ್ಚಿಸುವ ವಿಧಾನ ಇನ್ನೂ ಅಗ್ಗ, ಅದನ್ನು ಲೇಖನಗಳಲ್ಲಿ ಯಾರೂ ಬರೆಯುವುದಿಲ್ಲ. ಟಾಂಜಾನಿಯಾ ನೋಡಿ.

ಅಧ್ಯಕ್ಷ ಜಾನ್ ಮಗುಫುಲಿ ಕಾಲದಲ್ಲಿ, 2020ರ ಅಕ್ಟೋಬರ್ ಚುನಾವಣೆಯ ಆಸುಪಾಸು, ಸರ್ಕಾರವನ್ನು ಟೀಕಿಸುತ್ತಿದ್ದ ಟ್ವಿಟರ್ ಖಾತೆಗಳನ್ನು ಕೃತಿಸ್ವಾಮ್ಯದ ದೂರಿನಿಂದ ಬೀಳಿಸಲಾಯಿತು. ಕೆಲಸ ನಡೆದದ್ದು ಹೀಗೆ: ಹೋರಾಟಗಾರರು ಬರೆದ ಟ್ವೀಟಿನ ಮಾತನ್ನು, ಚಿತ್ರವನ್ನು ಎತ್ತಿಕೊಂಡು ಯಾವುದೋ ಉಚಿತ ಬ್ಲಾಗಿನಲ್ಲಿ ಹಾಕುವುದು, ಆ ಬ್ಲಾಗ್ ಪೋಸ್ಟಿಗೆ ಟ್ವೀಟಿಗಿಂತ ಹಿಂದಿನ ದಿನಾಂಕ ಕೊಡುವುದು (ಬ್ಲಾಗ್ ತಂತ್ರಾಂಶಗಳಲ್ಲಿ ಪ್ರಕಟಣೆಯ ದಿನಾಂಕವನ್ನು ಬರೆದವರೇ ತಿದ್ದಬಹುದು), ಆಮೇಲೆ ‘ನಮ್ಮ ಬರಹವನ್ನು ಇವರು ಕದ್ದಿದ್ದಾರೆ’ ಎಂದು ಅಮೆರಿಕದ ಕೃತಿಸ್ವಾಮ್ಯ ಕಾನೂನಿನಡಿ ದೂರು ಹಾಕುವುದು. ಅಂಥ ದೂರು ಬಂದರೆ ಕಂಪನಿ ಮೊದಲು ಪೋಸ್ಟ್ ತೆಗೆಯುತ್ತದೆ, ವಿಚಾರಣೆ ಆಮೇಲೆ. ಕೆಲವು ಸಲ ಆದರೆ ಖಾತೆಯೇ ಅಮಾನತು. ಪ್ರತಿವಾದ ಸಲ್ಲಿಸಬಹುದು, ಆದರೆ ಅದಕ್ಕೆ ನಿಜವಾದ ಹೆಸರು, ವಿಳಾಸ ಬರೆದುಕೊಡಬೇಕು, ಮತ್ತು ಅದು ದೂರು ಕೊಟ್ಟವರ ಕೈಗೆ ಹೋಗುತ್ತದೆ. ಹೆಸರು ಮುಚ್ಚಿಟ್ಟು ಬರೆಯುವವರಿಗೆ ಇದು ಉರುಳು. ಸುಮ್ಮನಿದ್ದರೆ ಖಾತೆ ಹೋಗುತ್ತದೆ, ಮಾತಾಡಿದರೆ ಗುರುತು ಹೋಗುತ್ತದೆ. 2021ರ ಡಿಸೆಂಬರ್‌ನಲ್ಲಿ ಟ್ವಿಟರ್ ಈ ಜಾಲದ 268 ಖಾತೆಗಳನ್ನು ತೆಗೆಯಿತು, ಚುನಾವಣೆ ಮುಗಿದು ಒಂದು ವರ್ಷದ ಮೇಲೆ.

ಇದನ್ನು ಹಿಡಿಯಲು ದೊಡ್ಡ ಸಲಕರಣೆ ಬೇಡ. ದೂರು ಕೊಟ್ಟವರ ಬ್ಲಾಗಿನ ಡೊಮೇನ್ (ತಾಣದ ವಿಳಾಸದ ಹೆಸರು) ಯಾವಾಗ ನೋಂದಣಿಯಾಯಿತು ನೋಡಿ. 2020ರ ನವೆಂಬರ್‌ನಲ್ಲಿ ಹುಟ್ಟಿದ ತಾಣದಲ್ಲಿ ಜೂನ್ ತಿಂಗಳ ಲೇಖನ ಇದ್ದರೆ ಅನುಮಾನ ಪಡಬೇಕು. ಉಚಿತ ಬ್ಲಾಗಿಗೆ ಸ್ವಂತ ಡೊಮೇನ್ ಇರುವುದಿಲ್ಲ, ಆಗ ಚಿತ್ರದ ವಿಳಾಸ ನೋಡಿ. ವರ್ಡ್‌ಪ್ರೆಸ್‌ನಲ್ಲಿ ಚಿತ್ರ ಏರಿಸಿದ ವರ್ಷ, ತಿಂಗಳು ಸಾಮಾನ್ಯವಾಗಿ ಆ ವಿಳಾಸದೊಳಗೇ ಕೂತಿರುತ್ತದೆ, ಪೋಸ್ಟಿನ ದಿನಾಂಕ ತಿದ್ದಿದವರು ಅದನ್ನು ಮರೆತಿರಬಹುದು. ಹೋರಾಟಗಾರರ ಕಡೆಯಿಂದ ಮಾಡಬೇಕಾದದ್ದೂ ಇದೆ: ಮುಖ್ಯ ಪೋಸ್ಟ್ ಹಾಕಿದ ಕೂಡಲೇ ವೆಬ್ ಪುಟಗಳ ನಕಲು ಕಾಪಿಡುವ ಇಂಟರ್ನೆಟ್ ಆರ್ಕೈವ್‌ನಲ್ಲಿ ಒಂದು ಪ್ರತಿ ಉಳಿಸುವುದು. ಆ ಪ್ರತಿಯ ಮೇಲೆ ಬೀಳುವ ಸಮಯದ ಮುದ್ರೆಯನ್ನು ಯಾರೂ ಹಿಂದಕ್ಕೆ ಸರಿಸಲಾಗದು.

ತಂತಿಮನೆ:

ನೆಟ್ ಬಂದ್ ಆದದ್ದಕ್ಕೆ ಸಾಕ್ಷಿ ಕೇಳಿದ್ದೀರಿ. ‘ಬಂದ್’ ಅನ್ನುವುದು ಒಂದೇ ಕ್ರಿಯೆಯಲ್ಲ, ಬೇರೆ ಬೇರೆ ಪದರಗಳಲ್ಲಿ ಆಗುತ್ತದೆ, ಪ್ರತಿ ಪದರವೂ ಬೇರೆ ಜಾಡು ಬಿಡುತ್ತದೆ.

ಒಂದು ತಾಣವನ್ನು ಮಾತ್ರ ಮುಚ್ಚಬೇಕಾದರೆ ಟೆಲಿಕಾಂ ಕಂಪನಿ ಮೂರು ಕಡೆ ಕೈಹಾಕಬಹುದು. ಹೆಸರನ್ನು ವಿಳಾಸಕ್ಕೆ ತಿರುಗಿಸುವ ಡಿಎನ್‌ಎಸ್‌ನಲ್ಲಿ ಸುಳ್ಳು ಉತ್ತರ ಕೊಡಬಹುದು. ಇದು ಅಗ್ಗ, ಬಳಕೆದಾರರು ಬೇರೆ ಡಿಎನ್‌ಎಸ್ ಹಾಕಿಕೊಂಡರೆ ಮುಗಿಯಿತು. ತಾಣದ ಐಪಿ ವಿಳಾಸವನ್ನೇ (ನೆಟ್‌ನಲ್ಲಿ ಅದರ ಅಂಕಿಯ ವಿಳಾಸ) ತಡೆಯಬಹುದು. ದೊಡ್ಡ ಕಂಪನಿಗಳ ವಿಳಾಸ ಹಂಚಿಕೆಯಾಗಿರುವುದರಿಂದ ಸಂಬಂಧವಿಲ್ಲದ ತಾಣಗಳೂ ಜೊತೆಗೆ ಬೀಳುತ್ತವೆ. ಸಂಪರ್ಕ ಶುರುವಾಗುವಾಗ ಬ್ರೌಸರ್ ಬಹಿರಂಗವಾಗಿ ಹೇಳುವ ತಾಣದ ಹೆಸರನ್ನು ಓದಿ ಅಲ್ಲೇ ಕತ್ತರಿಸಬಹುದು. ಇದಕ್ಕೆ ಸಂಚಾರವನ್ನು ಇಣುಕಿ ನೋಡುವ ಯಂತ್ರ ಬೇಕು, ಖರ್ಚು ಹೆಚ್ಚು. ಊನಿ ಎಂಬ ಮುಕ್ತ ಯೋಜನೆಯ ಆ್ಯಪ್ ಈ ಮೂರನ್ನೂ ಪ್ರತ್ಯೇಕವಾಗಿ ಪರೀಕ್ಷಿಸಿ, ದೇಶ, ಕಂಪನಿ, ದಿನಾಂಕದ ಪ್ರಕಾರ ಫಲಿತಾಂಶವನ್ನು ಸಾರ್ವಜನಿಕವಾಗಿ ಇಡುತ್ತದೆ. ಉಗಾಂಡದ 2021ರ ದತ್ತಾಂಶ ಇಂದಿಗೂ ಅಲ್ಲಿದೆ, ಉಚಿತವಾಗಿ ನೋಡಬಹುದು. ಒಂದೇ ಒಂದು ಸೋತ ಪರೀಕ್ಷೆಯನ್ನು ಹಿಡಿದು ತೀರ್ಮಾನ ಬರೆಯಬೇಡಿ. ಸಿಗ್ನಲ್ ದುರ್ಬಲವಿದ್ದರೂ ಪರೀಕ್ಷೆ ಸೋಲುತ್ತದೆ. ಒಂದೇ ಕಂಪನಿಯಲ್ಲಿ, ಒಂದೇ ತಾಣಕ್ಕೆ, ಒಂದೇ ಬಗೆಯ ಸೋಲು ಹತ್ತಾರು ಸಲ ಬಂದು, ಪಕ್ಕದ ತಾಣಗಳು ಸರಿಯಾಗಿ ತೆರೆಯುತ್ತಿದ್ದರೆ ಆಗ ಬರೆಯಿರಿ.

ಇಡೀ ನೆಟ್ ನಿಂತದ್ದಕ್ಕೆ ಊನಿ ಉಪಯೋಗವಿಲ್ಲ, ಪರೀಕ್ಷೆ ಕಳಿಸಲೇ ದಾರಿ ಇರುವುದಿಲ್ಲ. ಅದಕ್ಕೆ ಹೊರಗಿನಿಂದ ಅಳೆಯುವವರು ಬೇಕು: ಐಯೋಡಾ, ಕ್ಲೌಡ್‌ಫ್ಲೇರ್ ರಾಡಾರ್. ಇಲ್ಲಿ ಹೆಚ್ಚಿನವರು ಎಡವುವುದು ಸಮುದ್ರದಡಿಯ ಕೇಬಲ್ ವಿಷಯದಲ್ಲಿ. 2024ರ ಮೇ 12ರಂದು ಪೂರ್ವ ಆಫ್ರಿಕದ ಎರಡು ಕೇಬಲ್ ತುಂಡಾಗಿ ಟಾಂಜಾನಿಯಾ, ಕೆನ್ಯಾ, ಉಗಾಂಡ ಎಲ್ಲ ಕಡೆ ನೆಟ್ ಕುಸಿಯಿತು. ಅದು ಯಾವ ಸರ್ಕಾರದ ಕೆಲಸವೂ ಅಲ್ಲ. ಕೇಬಲ್ ತುಂಡಾದರೆ ನೆರೆದೇಶಗಳೂ ಒಟ್ಟಿಗೆ ಇಳಿಯುತ್ತವೆ, ಇಳಿತ ಅರೆಬರೆ ಇರುತ್ತದೆ, ಒಂದು ಕಂಪನಿ ಬಿದ್ದು ಇನ್ನೊಂದು ಉಳಿಯುತ್ತದೆ. ಆದೇಶದಿಂದ ನಿಂತರೆ ಗೆರೆ ಗಡಿಯಲ್ಲೇ ನಿಲ್ಲುತ್ತದೆ, ಎಲ್ಲ ಕಂಪನಿಗಳೂ ಒಟ್ಟಿಗೆ ಬೀಳುತ್ತವೆ, ಇಳಿತ ಆದೇಶದಲ್ಲಿ ಹೇಳಿದ ಗಂಟೆಗೆ ಸರಿಯಾಗಿ ಕೂರುತ್ತದೆ. ಉಗಾಂಡದ 2021ರ ಜನವರಿ 13ರಂದು ಆದೇಶದಲ್ಲಿದ್ದ ಹೊತ್ತು ಸಂಜೆ 7.

ಒಂದು ಎಚ್ಚರಿಕೆ: ಅಲ್ಲಿರುವ ಗೆಳೆಯರಿಗೆ ‘ಊನಿ ಹಾಕಿಕೊಂಡು ಓಡಿಸಿ’ ಎಂದು ಸುಲಭವಾಗಿ ಹೇಳಿಬಿಡಬೇಡಿ. ಆ ಆ್ಯಪ್ ಪರೀಕ್ಷಿಸುವ ಪಟ್ಟಿಯಲ್ಲಿ ಸರ್ಕಾರಕ್ಕೆ ಆಗದ ತಾಣಗಳೂ ಇರುತ್ತವೆ, ಕಂಪನಿಯ ದಾಖಲೆಯಲ್ಲಿ ಅದು ಆ ವ್ಯಕ್ತಿಯ ಭೇಟಿ ಎಂದೇ ಬೀಳುತ್ತದೆ. ಬೇಕಾದ ನಾಲ್ಕಾರು ತಾಣಗಳನ್ನಷ್ಟೇ ಆರಿಸಿ ಪರೀಕ್ಷಿಸುವ ಸೌಲಭ್ಯ ಅದರಲ್ಲೇ ಇದೆ.

ಶರಾವತಿ_ಓದು:

ಎಲ್ಲರಿಗೂ ಧನ್ಯವಾದ. @ತಂತಿಮನೆ ಸರ್, ಎರಡು ಅನುಮಾನ. ವಿಪಿಎನ್ (ಸಂಚಾರವನ್ನು ಮುಚ್ಚಿ ಬೇರೆ ದೇಶದ ಮೂಲಕ ಹಾಯಿಸುವ ಆ್ಯಪ್) ಇದ್ದರೆ ಜನ ದಾಟಿಕೊಳ್ಳುತ್ತಿದ್ದರಲ್ಲ, ಆಗ ಮುಚ್ಚಿ ಪ್ರಯೋಜನವೇನು? ಮತ್ತೆ, ಏರ್‌ಟೆಲ್ ಉಗಾಂಡ ಅಂದರೆ ನಮ್ಮ ಭಾರ್ತಿ ಸಮೂಹದ್ದೇ ಅಲ್ಲವಾ? ಅವರು ಆದೇಶ ಒಪ್ಪದೆ ಇರಬಹುದಿತ್ತೇ?

ತಂತಿಮನೆ:

ಹೌದು, ಏರ್‌ಟೆಲ್ ಆಫ್ರಿಕದ ಅಂಗ. ಅಲ್ಲಿ ಎಂಟಿಎನ್, ಏರ್‌ಟೆಲ್ ಎರಡೇ ಬಹುಪಾಲು ಗ್ರಾಹಕರನ್ನು ಹಿಡಿದಿವೆ, ಹಾಗಾಗಿ ಎರಡು ಪತ್ರ ಹೋದರೆ ದೇಶ ನಿಂತಂತೆ. ಪರವಾನಗಿ ಕೊಡುವುದೂ ಆದೇಶ ಕೊಡುವುದೂ ಒಂದೇ ಸಂಪರ್ಕ ಆಯೋಗ. ಒಪ್ಪದಿದ್ದರೆ ಪರವಾನಗಿಯೇ ಹೋಗುತ್ತದೆ.

ವಿಪಿಎನ್ ಕೆಲಸ ಮಾಡುವುದು ತಾಣ ಮುಚ್ಚಿದಾಗ. ಇಡೀ ನೆಟ್ ನಿಂತಾಗ ಅದು ಯಾವ ದಾರಿಯಲ್ಲಿ ಹೋಗಬೇಕು? 2021ರಲ್ಲಿ ಮತದಾನಕ್ಕೆ ಕೆಲವು ದಿನ ಮೊದಲೇ ಗೂಗಲ್ ಪ್ಲೇ ಸ್ಟೋರ್ ಸಿಗದಂತಾಗಿತ್ತು. ಮೊದಲೇ ಹಾಕಿಕೊಳ್ಳದವರಿಗೆ ವಿಪಿಎನ್ ಇಳಿಸಿಕೊಳ್ಳುವ ದಾರಿಯೂ ಮುಚ್ಚಿತು. ಇನ್ನೊಂದು ಪೆಟ್ಟು ಮೊಬೈಲ್ ಹಣಕ್ಕೆ. 2016ರ ಚುನಾವಣೆಯ ದಿನ ಸಾಮಾಜಿಕ ಜಾಲತಾಣಗಳ ಜೊತೆಗೆ ಮೊಬೈಲ್ ಹಣದ ಸೇವೆಯನ್ನೂ ನಿಲ್ಲಿಸಿದ್ದರು. ಅಲ್ಲಿ ಅಂಗಡಿಯ ಅಕ್ಕಿಯಿಂದ ಶಾಲಾ ಶುಲ್ಕದವರೆಗೆ ಹಣ ಓಡಾಡುವುದು ಫೋನಿನಲ್ಲೇ. ಮತಗಟ್ಟೆ ಏಜೆಂಟರಿಗೆ ಬಸ್ಸಿನ, ಊಟದ ದುಡ್ಡು ಕಳಿಸಲೂ ಆಗದಂತಾದರೆ ಮೊದಲು ಏಟು ಬೀಳುವುದು ವಿರೋಧ ಪಕ್ಷಕ್ಕೆ.

ಚಿಲ್ಲರೆ_ಅಂಗಡಿ:

@ಲೆಕ್ಕದ_ಪುಸ್ತಕ ಅವರ ವಿಧಾನಕ್ಕೆ ಒಂದು ತಿದ್ದುಪಡಿ ಸೇರಿಸುತ್ತೇನೆ. ಪುಟ ನಡೆಸುವವರು ಯಾವ ದೇಶದವರು ಎಂದು ಫೇಸ್‌ಬುಕ್ ತೋರಿಸುತ್ತದೆ, ಎಕ್ಸ್ (ಹಿಂದಿನ ಟ್ವಿಟರ್) ಕೂಡ 2025ರ ನವೆಂಬರ್‌ನಿಂದ ಖಾತೆಯ ದೇಶ ತೋರಿಸಲು ಶುರುಮಾಡಿದೆ. ‘ವಿದೇಶಿ ಕೈವಾಡ’ ಎಂದು ಬರೆಯುವವರೆಲ್ಲ ಇದನ್ನೇ ನೆಚ್ಚಿಕೊಳ್ಳುತ್ತಾರೆ. ಉಗಾಂಡದ ಮಟ್ಟಿಗೆ ಅದು ಮೋಸ ಮಾಡುತ್ತದೆ. ಅಲ್ಲಿನ ಜನ 2018ರಿಂದಲೇ ವಿಪಿಎನ್ ಹಿಡಿದವರು. ಅಪ್ಪಟ ಕಂಪಾಲಾದ ಖಾತೆ ಜರ್ಮನಿಯದು ಎಂದು ಕಾಣಬಹುದು.

2018 ಯಾಕೆ ಅಂದರೆ ತೆರಿಗೆ. ಆ ವರ್ಷ ಮಾರ್ಚ್‌ನಲ್ಲಿ ಮುಸೆವೆನಿ ಹಣಕಾಸು ಸಚಿವರಿಗೆ ಪತ್ರ ಬರೆದು, ಸಾಮಾಜಿಕ ಜಾಲತಾಣದ ‘ಲುಗಾಂಬೊ’ಗೆ, ಅಂದರೆ ಗಾಳಿಮಾತಿಗೆ, ತೆರಿಗೆ ಹಾಕಬೇಕೆಂದರು. ಜುಲೈ 1ರಿಂದ ಫೇಸ್‌ಬುಕ್, ವಾಟ್ಸ್ಆ್ಯಪ್, ಟ್ವಿಟರ್ ಬಳಸಲು ದಿನಕ್ಕೆ 200 ಶಿಲ್ಲಿಂಗ್. ಮೊದಲ ಹಣಕಾಸು ವರ್ಷದಲ್ಲಿ 284 ಶತಕೋಟಿ ಬರುತ್ತದೆಂದು ಎಣಿಸಿದ್ದರು, ಬಂದದ್ದು 49.5 ಶತಕೋಟಿ. ವಿಪಿಎನ್, ಕಚೇರಿಯ ವೈಫೈ ಹಿಡಿದು ಜನ ತಪ್ಪಿಸಿಕೊಂಡರು. 2021ರ ಜುಲೈನಲ್ಲಿ ಅದನ್ನು ತೆಗೆದು ಡೇಟಾ ಪ್ಯಾಕಿನ ಮೇಲೆಯೇ ಶೇ 12 ಸುಂಕ ಹಾಕಿದರು. ಈಗ ತಪ್ಪಿಸಿಕೊಳ್ಳಲು ದಾರಿಯಿಲ್ಲ, ವಿಪಿಎನ್ ಓಡುವುದೂ ಡೇಟಾದಲ್ಲೇ, ಅದೂ ಸ್ವಲ್ಪ ಹೆಚ್ಚೇ ತಿನ್ನುತ್ತದೆ.

ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರ ಇದರಲ್ಲಿದೆ. ನೆಟ್ ನಿಲ್ಲಿಸಿದರೆ ಜಗತ್ತಿಗೆ ಗೊತ್ತಾಗುತ್ತದೆ, ಐದು ದಿನದಲ್ಲಿ ತೆರೆಯಲೇಬೇಕಾಗುತ್ತದೆ. ಬೆಲೆ ಏರಿಸಿದರೆ ಸುದ್ದಿಯೇ ಆಗುವುದಿಲ್ಲ, ವರ್ಷವಿಡೀ ಕೆಲಸ ಮಾಡುತ್ತದೆ. ಟಾಂಜಾನಿಯಾ 2018ರಲ್ಲಿ ಬ್ಲಾಗ್ ಬರೆಯುವವರಿಗೇ ಪರವಾನಗಿ ಕಡ್ಡಾಯ ಮಾಡಿ, ಸುಮಾರು 900 ಡಾಲರ್ ಶುಲ್ಕ ಇಟ್ಟಿತು. ಹಳ್ಳಿಯ ಸುದ್ದಿ ಬರೆಯುವ ಹುಡುಗರು ಅಷ್ಟು ಹಣ ಎಲ್ಲಿಂದ ತರಬೇಕು? ಲೇಖನದಲ್ಲಿ ಅರ್ಧದಷ್ಟಾದರೂ ಜಾಗ ಈ ಬೆಲೆಯ ವಿಷಯಕ್ಕೆ ಕೊಡಿ ಎಂದು ಕೇಳಿಕೊಳ್ಳುತ್ತೇನೆ.

ಮುಂಗಾರು_ಕಡತ:

ಆದೇಶದ ಪ್ರತಿಯ ಬಗ್ಗೆ ಒಂದು ಮಾತು ಸೇರಿಸಬೇಕು. ಬರವಣಿಗೆಯಲ್ಲಿ ಆದೇಶ ಇದ್ದರೆ ಹಿಡಿದು ಪ್ರಶ್ನಿಸಲು ಏನೋ ಒಂದು ಇರುತ್ತದೆ. ಜಿಂಬಾಬ್ವೆಯಲ್ಲಿ 2019ರ ಜನವರಿಯಲ್ಲಿ ಇಂಧನ ಬೆಲೆ ಏರಿಕೆಯ ಪ್ರತಿಭಟನೆ ವೇಳೆ ನೆಟ್ ನಿಲ್ಲಿಸಿದಾಗ, ಎಕೋನೆಟ್ ಕಂಪನಿ ತನಗೆ ಸಚಿವರಿಂದ ಲಿಖಿತ ಆದೇಶ ಬಂದಿದೆ ಎಂದು ಗ್ರಾಹಕರಿಗೆ ಬಹಿರಂಗವಾಗಿ ತಿಳಿಸಿತು. ವಕೀಲರು ಹೈಕೋರ್ಟಿಗೆ ಹೋದರು. ಆ ಸಚಿವರಿಗೆ ಅಂಥ ಆದೇಶ ಕೊಡುವ ಅಧಿಕಾರವೇ ಇಲ್ಲ ಎಂದು ಜನವರಿ 21ರಂದು ತೀರ್ಪು ಬಂತು, ಸಂಪರ್ಕ ಮರಳಿತು. ನಿಲ್ಲಿಸಿದ್ದು ಸರಿಯೋ ತಪ್ಪೋ ಎಂಬ ದೊಡ್ಡ ಪ್ರಶ್ನೆಯನ್ನು ಕೋರ್ಟ್ ಮುಟ್ಟುವ ಅಗತ್ಯವೇ ಬರಲಿಲ್ಲ. ಸಹಿ ಯಾರದು ಎಂಬುದೊಂದೇ ಸಾಕಾಯಿತು.

ನಮ್ಮ ಕಡೆಯಿಂದ ಹೋಲಿಕೆ ಬೇಕಿದ್ದರೆ ಕರ್ನಾಟಕ ಹೈಕೋರ್ಟಿನ ಎರಡು ತೀರ್ಪು ಇವೆ. ಖಾತೆ ತಡೆಯುವ ಕೇಂದ್ರದ ಆದೇಶಗಳ ವಿರುದ್ಧ ಟ್ವಿಟರ್ ಹೂಡಿದ್ದ ಅರ್ಜಿ 2023ರ ಜೂನ್ 30ರಂದು 50 ಲಕ್ಷ ರೂಪಾಯಿ ದಂಡದೊಂದಿಗೆ ವಜಾ ಆಯಿತು. ಬರಹ ತೆಗೆಯುವಂತೆ ಸರ್ಕಾರ ಕಂಪನಿಗಳಿಗೆ ನೋಟಿಸ್ ಕಳಿಸುವ ಸಹಯೋಗ್ ಪೋರ್ಟಲ್ ವಿರುದ್ಧದ ಎಕ್ಸ್ ಕಂಪನಿಯ ಅರ್ಜಿ 2025ರ ಸೆಪ್ಟೆಂಬರ್ 24ರಂದು ವಜಾ ಆಯಿತು. ಫಲಿತಾಂಶ ಒಪ್ಪಿದರೂ ಒಪ್ಪದಿದ್ದರೂ ಎರಡೂ ಕಡೆಯ ವಾದ, ಕಾನೂನಿನ ಸೆಕ್ಷನ್, ಕಾರಣ ಎಲ್ಲ ತೀರ್ಪಿನಲ್ಲಿ ಓದಲು ಸಿಗುತ್ತದೆ. ಆದರೆ ತಾಣ, ಖಾತೆ ತಡೆಯಲು ಬಳಸುವ ಮಾಹಿತಿ ತಂತ್ರಜ್ಞಾನ ಕಾಯ್ದೆಯ ಸೆಕ್ಷನ್ 69ಎ ಅಡಿಯ ಆದೇಶಗಳನ್ನು ನಿಯಮವೇ ಗೋಪ್ಯವಾಗಿಡುತ್ತದೆ, ಖಾತೆ ಕಳೆದುಕೊಂಡವರಿಗೆ ಎಷ್ಟೋ ಸಲ ಕಾರಣವೇ ತಿಳಿಯುವುದಿಲ್ಲ. ಆ ವ್ಯತ್ಯಾಸವನ್ನು ಮುಚ್ಚದೆ ಬರೆಯಿರಿ. ಉಗಾಂಡಕ್ಕೆ ಬೆರಳು ತೋರಿಸುವ ಲೇಖನವಾದರೆ ಅದಕ್ಕೆ ಅರ್ಧ ಬೆಲೆ.

ಲೆಕ್ಕದ_ಪುಸ್ತಕ:

@ಚಿಲ್ಲರೆ_ಅಂಗಡಿ, ದೇಶದ ಗುರುತಿನ ಬಗ್ಗೆ ನೀವು ಹೇಳಿದ್ದು ಸರಿ, ಪಟ್ಟಿಯಲ್ಲಿ ಆ ಕಾಲಂ ಇಟ್ಟರೂ ಮೂರು ಗುರುತುಗಳ ಲೆಕ್ಕಕ್ಕೆ ತೆಗೆದುಕೊಳ್ಳಬಾರದು. @ಶರಾವತಿ_ಓದು ಅವರೇ, ಮುಂದೆ ಬೇರೆ ದೇಶದ ಚುನಾವಣೆಗೆ ಇದೇ ವಿಧಾನ ಬಳಸುವುದಿದ್ದರೆ ಕಾಮೆಂಟ್ ಪಟ್ಟಿಯನ್ನು ಮತದಾನಕ್ಕೆ ಆರು ವಾರ ಮೊದಲೇ ಶುರುಮಾಡಿ, ಚುನಾವಣೆಯ ಗಾಳಿ ಇಲ್ಲದ ಒಂದು ವಾರದ್ದೂ ಸೇರಿಸಿಕೊಳ್ಳಿ. ಸಾಮಾನ್ಯ ದಿನ ಹೇಗಿರುತ್ತದೆ ಎಂಬ ಅಳತೆ ಕೈಯಲ್ಲಿಲ್ಲದೆ ‘ಒಮ್ಮೆಲೇ ಏರಿತು’ ಎಂದು ಬರೆಯಲು ಬರುವುದಿಲ್ಲ. ಪ್ರತಿ ಸಾಲಿಗೂ ಸ್ಕ್ರೀನ್‌ಶಾಟ್ ಬೇಕು, ಕೊಂಡಿ ಮತ್ತು ಸಮಯ ಕಾಣುವಂತೆ. ಕಂಪನಿ ಜಾಲವನ್ನು ತೆಗೆದ ದಿನ ಆ ಕಾಮೆಂಟ್‌ಗಳೂ ಅಳಿಸಿಹೋಗುತ್ತವೆ, ಆಮೇಲೆ ಉಳಿಯುವುದು ನಿಮ್ಮ ಹಾಳೆಯಲ್ಲಿರುವುದು ಮಾತ್ರ.